ಕೋವಿಡ್ ಕಾಲದ ಆನ್‌ಲೈನ್ ವೈದ್ಯಕೀಯ ತರಬೇತಿ ಸಭೆಗಳು

ಕೋವಿಡ್-19 ಸಾಂಕ್ರಾಮಿಕದ ಅವಧಿಯಲ್ಲಿ ವೈದ್ಯರು ಹಾಗೂ ವೈದ್ಯಕೀಯ ವಿದ್ಯಾರ್ಥಿಗಳ ಶಿಕ್ಷಣಕ್ಕಾಗಿ ಉಪನ್ಯಾಸಗಳು, ರೋಗಪ್ರಕರಣಗಳ ಚರ್ಚೆಗಳು ಮತ್ತು ಸಮ್ಮೇಳನಗಳು ವಿಡಿಯೊ ಕರೆಯ ಮೂಲಕ ನಡೆದವು. ಇವುಗಳ ಉಪಯುಕ್ತತೆಯ ಬಗ್ಗೆ ವೈದ್ಯರಲ್ಲಿ ಒಮ್ಮತವಿಲ್ಲ. ಆದರೆ ಈ ಭಿನ್ನಾಭಿಪ್ರಾಯ ತಂತ್ರಜ್ಞಾನವನ್ನು ಕುರಿತದ್ದಕ್ಕಿಂತ ಹೆಚ್ಚಾಗಿ, ಕಲಿಸಬೇಕಾದುದು ಚಿಕಿತ್ಸಾ ನಿರ್ಣಯವೋ ಹಸ್ತಕೌಶಲವೋ ಎಂಬುದನ್ನು ಅವಲಂಬಿಸಿದೆ.

ಹಿನ್ನೆಲೆ

ಈ ಪದ್ಧತಿ ಸಾಂಕ್ರಾಮಿಕದೊಂದಿಗೆ ಹುಟ್ಟಿದ್ದಲ್ಲ. ಅಮೆರಿಕದ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದ ಡಾ. ಸಂಜೀವ್ ಅರೋರಾ 2003ರಲ್ಲಿ ‘ಎಕೊ’ ಯೋಜನೆಯನ್ನು ಆರಂಭಿಸಿದರು. ದೂರದ ಊರುಗಳ ವೈದ್ಯರು ತಮ್ಮ ಹೆಪಟೈಟಿಸ್ ಸಿ ರೋಗಿಗಳ ವಿವರಗಳನ್ನು ವಿಡಿಯೊ ಸಭೆಯಲ್ಲಿ ತಜ್ಞರ ಮುಂದಿಟ್ಟು, ಚರ್ಚಿಸಿ, ತಾವೇ ಚಿಕಿತ್ಸೆ ನೀಡುವುದು ಇದರ ಕ್ರಮ. 2011ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹೀಗೆ ಚಿಕಿತ್ಸೆ ಪಡೆದವರಲ್ಲಿ ಶೇ. 58.2ರಷ್ಟು ಹಾಗೂ ವಿಶ್ವವಿದ್ಯಾಲಯದ ಚಿಕಿತ್ಸಾಲಯಕ್ಕೇ ಬಂದವರಲ್ಲಿ ಶೇ. 57.5ರಷ್ಟು ಮಂದಿ ವೈರಾಣುಮುಕ್ತರಾದರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೂ ಮಾನಸಿಕ ಆರೋಗ್ಯ ಹಾಗೂ ವ್ಯಸನ ಚಿಕಿತ್ಸೆಯ ತರಬೇತಿಯಲ್ಲಿ ಇದೇ ಮಾದರಿಯನ್ನು ಕೋವಿಡ್‌ಗೆ ಮೊದಲೇ ಅಳವಡಿಸಿಕೊಂಡಿತ್ತು.

2020ರ ಮಾರ್ಚ್‌ನಲ್ಲಿ ಆಯ್ಕೆಯಾಗಿದ್ದುದು ಅನಿವಾರ್ಯವಾಯಿತು. ಭಾರತದಲ್ಲಿ ವೈದ್ಯಕೀಯ ಕಾಲೇಜುಗಳ ತರಗತಿಗಳು ನಿಂತವು. ಶಿಕಾಗೊ ನಗರದಲ್ಲಿ ಸೇರಬೇಕಿದ್ದ ಅಮೆರಿಕನ್ ಹೃದ್ರೋಗ ತಜ್ಞರ ವಾರ್ಷಿಕ ಸಮ್ಮೇಳನ ಪೂರ್ಣವಾಗಿ ಆನ್‌ಲೈನ್‌ನಲ್ಲಿ ನಡೆಯಿತು.

ಪರವಾದ ಅಭಿಪ್ರಾಯ

ಹೊಸ ರೋಗದ ಚಿಕಿತ್ಸಾಕ್ರಮ ವಾರದಿಂದ ವಾರಕ್ಕೆ ಬದಲಾಗುತ್ತಿದ್ದಾಗ ಪಠ್ಯಪುಸ್ತಕವಾಗಲಿ ವರ್ಷಕ್ಕೊಮ್ಮೆಯ ಸಮ್ಮೇಳನವಾಗಲಿ ಸಾಲುತ್ತಿರಲಿಲ್ಲ. ದೆಹಲಿಯ ಏಮ್ಸ್ 2020ರ ಜುಲೈನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯದೊಡನೆ ‘ಇ-ಐಸಿಯು’ ಸಭೆಗಳನ್ನು ಆರಂಭಿಸಿ, ವಿವಿಧ ರಾಜ್ಯಗಳ ತೀವ್ರ ನಿಗಾ ಘಟಕಗಳ ವೈದ್ಯರೊಂದಿಗೆ ವಾರಕ್ಕೆ ಎರಡು ಬಾರಿ ಚರ್ಚೆ ನಡೆಸಿತು. ರೋಗಿಯನ್ನು ಯಾವಾಗ ಕವುಚಿ ಮಲಗಿಸಬೇಕು, ಸ್ಟೀರಾಯ್ಡ್ ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು ಎಂಬಂಥ ಪ್ರಶ್ನೆಗಳಿಗೆ ಉತ್ತರ ತಡವಾದರೆ ಪ್ರಾಣಕ್ಕೇ ಅಪಾಯ. ಇಂಥ ಸಭೆಗಳ ಮೌಲ್ಯವನ್ನು ಒಪ್ಪದ ವೈದ್ಯರು ವಿರಳ. ರಜೆ, ಪ್ರಯಾಣ, ವಸತಿಗಳ ಖರ್ಚಿಲ್ಲದೆ ಭಾಗವಹಿಸುವ ಅವಕಾಶವು ಸಣ್ಣ ಆಸ್ಪತ್ರೆಗಳ ವೈದ್ಯರಿಗೆ ದೊರೆತ ಇನ್ನೊಂದು ಲಾಭ.

ಆಕ್ಷೇಪಗಳು

ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳ ಶಿಕ್ಷಕರು ಎತ್ತಿದ ಆಕ್ಷೇಪ ಗಂಭೀರವಾದುದು. ಊದಿಕೊಂಡ ಯಕೃತ್ತಿನ ಅಂಚು ಬೆರಳಿಗೆ ತಾಗುವ ಬಗೆಯನ್ನು, ಹೃದಯದ ಅಸಹಜ ಸದ್ದನ್ನು ಸ್ಟೆತೊಸ್ಕೋಪಿನಲ್ಲಿ ಗುರುತಿಸುವುದನ್ನು ರೋಗಿಯ ಹಾಸಿಗೆಯ ಪಕ್ಕದಲ್ಲಿಯೇ ಕಲಿಯಬೇಕು. ನೋವಿನಲ್ಲಿರುವವರನ್ನು ಮಾತನಾಡಿಸುವ ರೀತಿಯೂ ಹಾಗೆಯೇ. ಕ್ಯಾಮೆರಾ ಮುಚ್ಚಿದ ಕಪ್ಪು ಚೌಕಗಳ ಮುಂದೆ ಪಾಠ ಮಾಡುವಾಗ ಯಾರಿಗೆ ಅರ್ಥವಾಗಿದೆ, ಯಾರಿಗೆ ಆಗಿಲ್ಲ ಎಂಬುದು ಮುಖ ನೋಡಿ ತಿಳಿಯುವಂತಿರಲಿಲ್ಲ. ವಾರ್ಡಿನಿಂದ ಹೊರಬರುವಾಗ ವಿದ್ಯಾರ್ಥಿ ಸಂಕೋಚದಿಂದ ಕೇಳುವ ಪ್ರಶ್ನೆಗೂ ಸಭೆಯ ವೇಳಾಪಟ್ಟಿಯಲ್ಲಿ ಜಾಗವಿರಲಿಲ್ಲ. ಹಳ್ಳಿಯ ಮನೆಗಳಿಗೆ ಮರಳಿದ್ದವರಿಗೆ ನೆಟ್‌ವರ್ಕ್ ದೊರೆಯುವುದೇ ಕಷ್ಟವಾಗಿತ್ತು.

ಆದರೂ ಎಲ್ಲ ನಷ್ಟವನ್ನೂ ಆನ್‌ಲೈನ್ ಸಭೆಗಳ ಮೇಲೆ ಹೊರಿಸುವುದು ಸರಿಯಲ್ಲ. ತುರ್ತಲ್ಲದ ಶಸ್ತ್ರಚಿಕಿತ್ಸೆಗಳು ಮುಂದೂಡಲ್ಪಟ್ಟು, ಸ್ನಾತಕೋತ್ತರ ವಿದ್ಯಾರ್ಥಿಗಳು ಕೋವಿಡ್ ವಾರ್ಡುಗಳಿಗೆ ನಿಯೋಜಿತರಾಗಿದ್ದರಿಂದ ಶಸ್ತ್ರವೈದ್ಯ ವಿಭಾಗದವರಿಗೆ ಅಭ್ಯಾಸ ತಪ್ಪಿತು. ಸಭೆಗಳು ಮುಖಾಮುಖಿಯಾಗಿ ನಡೆದಿದ್ದರೂ ಆ ಕೊರತೆ ತುಂಬುತ್ತಿರಲಿಲ್ಲ.

ನಂತರದ ಸ್ಥಿತಿ

ಕಾಲೇಜುಗಳನ್ನು 2020ರ ಡಿಸೆಂಬರ್ 1ರೊಳಗೆ ತೆರೆಯುವಂತೆ ಕೇಂದ್ರ ಸರ್ಕಾರ ರಾಜ್ಯಗಳಿಗೆ ಸೂಚಿಸಿತು. ಹಾಸಿಗೆಯ ಪಕ್ಕದ ಬೋಧನೆ ವಾರ್ಡುಗಳಿಗೆ ಮರಳಿತು. ಕ್ಯಾನ್ಸರ್ ರೋಗಿಯ ಚಿಕಿತ್ಸೆಯನ್ನು ಹಲವು ವಿಭಾಗಗಳ ತಜ್ಞರು ಕೂಡಿ ನಿರ್ಧರಿಸುವ ‘ಟ್ಯೂಮರ್ ಬೋರ್ಡ್’ ಸಭೆಗಳು ಮಾತ್ರ ಅನೇಕ ಕಡೆ ಆನ್‌ಲೈನ್‌ನಲ್ಲಿಯೇ ಮುಂದುವರಿದಿವೆ.