ತೆರೆಯ ಮೇಲೆ ಅಮ್ಮ, ತೋಟದಲ್ಲಿ ಯಜಮಾನಿ

ದಾಬಸ್‌ಪೇಟೆ ಅಂದರೆ ಇವತ್ತು ನೆನಪಾಗುವುದು ತುಮಕೂರು ಹೆದ್ದಾರಿ, ಶಿವಗಂಗೆ ಬೆಟ್ಟ, ಸೋಂಪುರದ ಕೈಗಾರಿಕಾ ಪ್ರದೇಶ. ಜಮೀನು ಕಂಡರೆ ಸೈಟು, ಗೋದಾಮಿನ ಲೆಕ್ಕ ಹಾಕುವ ಇದೇ ನೆಲಮಂಗಲ ತಾಲ್ಲೂಕಿನ ಸೋಲದೇವನಹಳ್ಳಿಯಲ್ಲಿ ತೋಟ ಮಾಡಿಕೊಂಡು ಬದುಕಿದವರು ನಟಿ ಲೀಲಾವತಿ.

ಬೆಳ್ತಂಗಡಿಯಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ಹೆತ್ತವರನ್ನು ಕಳೆದುಕೊಂಡ ಹುಡುಗಿಗೆ ಅನ್ನ ಕೊಟ್ಟಿದ್ದು ಮೈಸೂರಿನ ನಾಟಕ ಕಂಪನಿ. 1949ರ ‘ನಾಗಕನ್ನಿಕಾ’ದಲ್ಲಿ ಸಣ್ಣ ಪಾತ್ರ, 1958ರ ‘ಮಾಂಗಲ್ಯ ಯೋಗ’ದಲ್ಲಿ ನಾಯಕಿ. 1960ರಲ್ಲಿ ‘ರಣಧೀರ ಕಂಠೀರವ’, ‘ರಾಣಿ ಹೊನ್ನಮ್ಮ’ ಬಂದ ಮೇಲೆ ರಾಜ್‌ಕುಮಾರ್–ಲೀಲಾವತಿ ಜೋಡಿ ಮನೆಮಾತಾಯಿತು. ಆದರೆ 1976ರ ‘ನಾ ನಿನ್ನ ಮರೆಯಲಾರೆ’ಯಲ್ಲಿ ಅದೇ ರಾಜ್‌ಕುಮಾರ್‌ಗೆ ಆಕೆ ತಾಯಿ! ಹದಿನಾರು ವರ್ಷದಲ್ಲಿ ನಾಯಕ ನಾಯಕನಾಗಿಯೇ ಉಳಿದ. ನಾಯಕಿಗೆ ಮಾತ್ರ ವಯಸ್ಸಾಯಿತು.

ತಾಯಿ ಪಾತ್ರವೇ ಕೀಳೆಂದಲ್ಲ. ಇಟಲಿಯ ಸೋಫಿಯಾ ಲಾರೆನ್ ನೋಡಿ. 1934ರಲ್ಲಿ ಹುಟ್ಟಿದಾಕೆ, ಹೆಚ್ಚುಕಡಿಮೆ ಲೀಲಾವತಿಯವರ ಓರಗೆಯವರೇ. ‘ಟು ವಿಮೆನ್’ ಚಿತ್ರದ ತಾಯಿಯ ಪಾತ್ರಕ್ಕೆ ಮೊದಲು ಯೋಚಿಸಿದ್ದು ಹಿರಿಯ ನಟಿ ಅನ್ನಾ ಮಾಗ್ನಾನಿಯನ್ನು, ಸೋಫಿಯಾ ಮಗಳಾಗಬೇಕಿತ್ತು. ಮಾಗ್ನಾನಿ ಒಪ್ಪಲಿಲ್ಲ. ಇಪ್ಪತ್ತೈದರ ಆಸುಪಾಸಿನಲ್ಲೇ ಸೋಫಿಯಾ ತಾಯಿಯಾದರು, ಆಸ್ಕರ್ ಗೆದ್ದರು. ಆ ತಾಯಿಗೆ ಕಥೆಯೇ ನಡುಮನೆ ಬಿಟ್ಟುಕೊಟ್ಟಿತ್ತು. ನಮ್ಮ ಸಿನಿಮಾದ ತಾಯಿಗೆ ದಕ್ಕಿದ್ದು ಹೆಚ್ಚಾಗಿ ಸೆರಗಿನ ತುದಿಯಲ್ಲಿ ಕಣ್ಣೊರೆಸುವ ಕೆಲಸ. ಅಪವಾದ, ಪುಟ್ಟಣ್ಣ ಕಣಗಾಲರ ‘ಗೆಜ್ಜೆ ಪೂಜೆ’. ಮಗಳಿಗಾದರೂ ಬೇರೆ ಬಾಳು ಸಿಗಲಿ ಎಂದು ಹಂಬಲಿಸುವ ಅಪರ್ಣಾ ಆಗಿ ಲೀಲಾವತಿ, ಕಲ್ಪನಾ ಎದುರು ಒಂದು ಗುಲಗಂಜಿಯಷ್ಟೂ ಕಡಿಮೆಯಾಗಲಿಲ್ಲ. ಅಂಥ ಇನ್ನೂ ಹತ್ತು ಪಾತ್ರ ಬರೆಸಬೇಕಿತ್ತು. ಆರುನೂರಕ್ಕೂ ಹೆಚ್ಚು ಚಿತ್ರಗಳ ಲೆಕ್ಕ ಹೇಳುವಾಗ ಈ ಕೊರತೆ ಮರೆತುಹೋಗುತ್ತದೆ.

1999ನೇ ಸಾಲಿನ ಡಾ. ರಾಜ್‌ಕುಮಾರ್ ಪ್ರಶಸ್ತಿ, 2008ರಲ್ಲಿ ತುಮಕೂರು ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್ ಬಂದವು. ಆ ಹೊತ್ತಿಗೆ ಆಕೆ ಮಗ, ನಟ ವಿನೋದ್ ರಾಜ್ ಜೊತೆ ಮಣ್ಣಿಗಿಳಿದಿದ್ದರು. ಕಂಡವರ ಕಣ್ಣೀರಿಗೆ ಕಾಯುವ ಅಮ್ಮನಲ್ಲ ಈಕೆ, ಮುಂದೆ ನಿಂತು ಕೆಲಸ ಮಾಡಿಸುವ ಯಜಮಾನಿ. ಸ್ವಂತ ಹಣದಲ್ಲಿ ಊರಿಗೆ ಆಸ್ಪತ್ರೆ ಕಟ್ಟಿಸಿದರು. ಆಮೇಲೆ ದನಕರುಗಳಿಗೂ ಒಂದು ಆಸ್ಪತ್ರೆ ಬೇಕೆಂದರು. ಅಭಿಮಾನಿಗಳ ನೆನಪಿನಲ್ಲಿ ಉಳಿಯಬೇಕೆನ್ನುವ ತಾರೆಗೆ ಪಶು ಆಸ್ಪತ್ರೆ ಹೊಳೆಯುವುದಿಲ್ಲ. ಹಸು ಕಟ್ಟಿದ ಮನೆಗಳ ನಡುವೆ ಬದುಕಿದವರಿಗೆ ಹೊಳೆಯುತ್ತದೆ.

ಆ ಪಶು ಆಸ್ಪತ್ರೆಯನ್ನು ಉಪ ಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಉದ್ಘಾಟಿಸಿದ್ದು 2023ರ ನವೆಂಬರ್ ಕೊನೆಯಲ್ಲಿ. ಡಿಸೆಂಬರ್ 8ರಂದು ಲೀಲಾವತಿ ನೆಲಮಂಗಲದ ಆಸ್ಪತ್ರೆಯಲ್ಲಿ ತೀರಿಕೊಂಡರು. ಸರ್ಕಾರಿ ಗೌರವದೊಂದಿಗೆ ಸೋಲದೇವನಹಳ್ಳಿಯ ತೋಟದಲ್ಲೇ ಮಣ್ಣು ಮಾಡಿದರು.