ಬೇರಿನ ಔಷಧಿ ಹೆಚ್ಚಾದರೆ ಬೇರು ನಿಲ್ಲುತ್ತದೆ

‘ಎಣ್ಣಿ ಜಾಸ್ತಿ ಬಿದ್ದರ ಬೇರು ಜಾಸ್ತಿ ಬರ್ತಾವ.’ ಕೃಷ್ಣೆಯ ದಂಡೆಯ ತಂಗಡಗಿಯಲ್ಲಾಗಲಿ, ಲಿಂಬೆಯ ಇಂಡಿಯಲ್ಲಾಗಲಿ, ಸಸಿ ಹಚ್ಚುವ ಮಾತು ಬಂದಾಗ ಇದನ್ನು ಕೇಳುತ್ತೇವೆ. ಎಣ್ಣಿ ಎಂದರೆ ಇಲ್ಲಿ ಔಷಧಿ. ಈ ನಂಬಿಕೆಯಿಂದ ಎಷ್ಟೋ ಒಳ್ಳೆಯ ಕಡ್ಡಿಗಳು ಬುಡ ಕರ್ರಗಾಗಿ ಸಾಯುತ್ತವೆ.

ಅಂಗಡಿಯಲ್ಲಿ ಸಿಗುವ ಬೇರಿನ ಪುಡಿಯಲ್ಲಿ ಸಾಮಾನ್ಯವಾಗಿ ಇರುವುದು ಐಬಿಎ, ಅಂದರೆ ಆಕ್ಸಿನ್ ಗುಂಪಿನ ಹಾರ್ಮೋನು. ಇದು ಗೊಬ್ಬರದಂತೆ ಗಿಡದ ಆಹಾರವಲ್ಲ. ಕತ್ತರಿಸಿದ ಕಡ್ಡಿಯ ಬುಡದ ಜೀವಕೋಶಗಳಿಗೆ ‘ಹೊಸ ಬೇರು ಹುಟ್ಟಿಸಿ’ ಎಂದು ಹೇಳುವ ಸೂಚನೆ ಮಾತ್ರ. ಹುಟ್ಟಿದ ಬೇರು ಉದ್ದವಾಗುವುದು ಬೇರೆಯೇ ಕೆಲಸ. ಅದಕ್ಕೆ ಬೇಕಾದ ಆಕ್ಸಿನ್ ಅತ್ಯಲ್ಪ, ಸ್ವಲ್ಪ ಮೀರಿದರೂ ಬೇರು ನಿಲ್ಲುತ್ತದೆ. ಕಾಂಡವನ್ನು ಬೆಳೆಸುವ ಪ್ರಮಾಣದ ಆಕ್ಸಿನ್ ಬೇರಿಗೆ ತಡೆಯೇ ಆಗುತ್ತದೆ. ಹಾಗಾಗಿ ಲೀಟರಿಗೆ 1ರಿಂದ 2 ಗ್ರಾಂ ಐಬಿಎ ಇರುವ ದ್ರಾವಣದಲ್ಲಿ ಕಡ್ಡಿಯ ಬುಡವನ್ನು ಕೆಲವೇ ಸೆಕೆಂಡು ಅದ್ದಿ ತೆಗೆಯಬೇಕು. ರಾತ್ರಿಯಿಡೀ ನೆನೆಸುವ ಪದ್ಧತಿಯೂ ಇದೆ, ಆದರೆ ಆ ದ್ರಾವಣ ಹತ್ತಾರು ಪಟ್ಟು ತೆಳುವಾಗಿರಬೇಕು. ಗಟ್ಟಿ ದ್ರಾವಣದಲ್ಲೇ ರಾತ್ರಿಯಿಡೀ ನೆನೆಸಿದರೆ ಬುಡ ಸುಡುತ್ತದೆ. ಜೋಳದ ಹೊಲದಲ್ಲಿ ಅಗಲ ಎಲೆಯ ಕಳೆಗಳನ್ನು ಕೊಲ್ಲುವ 2,4-ಡಿ ಕೂಡ ಆಕ್ಸಿನ್‌ನಂತೆಯೇ ಕೆಲಸ ಮಾಡುವ ವಸ್ತು ಎಂಬುದನ್ನು ನೆನಪಿಟ್ಟರೆ ಅಳತೆಯ ಮಹತ್ವ ತಿಳಿಯುತ್ತದೆ.

ಬೇರು ತನ್ನ ಭಾರಕ್ಕೆ ಕೆಳಗಿಳಿಯುತ್ತದೆ ಎಂಬುದೂ ತಪ್ಪು. ಚಾರ್ಲ್ಸ್ ಡಾರ್ವಿನ್ ಮತ್ತು ಮಗ ಫ್ರಾನ್ಸಿಸ್ 1880ರ ಪುಸ್ತಕದಲ್ಲೇ ದಿಕ್ಕನ್ನು ಅರಿಯುವುದು ಬೇರಿನ ತುದಿ ಎಂದು ಬರೆದಿದ್ದರು. ತುದಿಯ ಕೋಶಗಳಲ್ಲಿ ಪಿಷ್ಟದ ಕಣಗಳು ಕೆಳಕ್ಕೆ ಕೂರುತ್ತವೆ, ಆ ಕಡೆಗೇ ಆಕ್ಸಿನ್ ಹೆಚ್ಚಾಗಿ ಸೇರುತ್ತದೆ. ಆಕ್ಸಿನ್ ಹೆಚ್ಚಿದ ಕೆಳಬದಿಯ ಬೆಳವಣಿಗೆ ನಿಧಾನವಾಗುತ್ತದೆ, ಮೇಲ್ಬದಿ ಮುಂದೆ ಹೋಗುತ್ತದೆ, ಬೇರು ಬಾಗುತ್ತದೆ. ಮೊಳೆತ ಹೆಸರುಕಾಳನ್ನು ಒದ್ದೆ ಬಟ್ಟೆಯ ಮೇಲೆ ಅಡ್ಡ ಹಿಡಿಸಿ, ಬಟ್ಟೆಯನ್ನು ಗೋಡೆಗೆ ಒರಗಿಸಿಟ್ಟರೆ ಮರುದಿನ ಕಣ್ಣಾರೆ ನೋಡಬಹುದು. ಮಕ್ಕಳಿಗೆ ತಪ್ಪದೆ ತೋರಿಸಿ.

ದ್ರಾಕ್ಷಿ ಗೊನೆಗೆ ಬಳಸಿ ಉಳಿದ ಜಿಬ್ಬರೆಲಿಕ್ ಆಮ್ಲ ಎಂಬ ಇನ್ನೊಂದು ಹಾರ್ಮೋನಿನಲ್ಲಿ ಕಡ್ಡಿಯನ್ನೂ ಅದ್ದಬಹುದೇ? ಬೇಡ. ಅದು ಹೊಸ ಬೇರು ಹುಟ್ಟುವುದನ್ನು ಸಾಮಾನ್ಯವಾಗಿ ತಡೆಯುತ್ತದೆ.

ಇನ್ನು ನಮ್ಮ ಎರೆ ಭೂಮಿಯ ಮಾತು. ಗಟ್ಟಿ ಮಣ್ಣನ್ನು ತೂರಲು ಬೇರಿಗೆ ಶಕ್ತಿ ಸಾಲದು, ಅದಕ್ಕೇ ಔಷಧಿ ಬೇಕು ಎನ್ನುತ್ತಾರೆ. ಆದರೆ ಬೇರನ್ನು ತಡೆಯುವುದು ಮಣ್ಣಿನ ಗಟ್ಟಿತನವೊಂದೇ ಅಲ್ಲ. ಬೇರು ತಾನೇ ಎಥಿಲೀನ್ ಎಂಬ ಅನಿಲ ಹಾರ್ಮೋನನ್ನು ಬಿಡುತ್ತದೆ. ಸಡಿಲ ಮಣ್ಣಿನಲ್ಲಿ ಅದು ಹರಡಿ ಹೋಗುತ್ತದೆ. ಟ್ರ್ಯಾಕ್ಟರ್ ಗಾಲಿ ಒತ್ತಿದ ಮಣ್ಣಿನಲ್ಲಿ ಹೋಗಲು ಸಂದಿಲ್ಲದೆ ಬೇರಿನ ಸುತ್ತಲೇ ಉಳಿದು, ‘ಇಲ್ಲೇ ನಿಲ್ಲು’ ಎನ್ನುತ್ತದೆ. 2021ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಸಂಶೋಧನೆ ಇದನ್ನು ತೋರಿಸಿತು: ಎಥಿಲೀನ್‌ಗೆ ಸ್ಪಂದಿಸದ ಭತ್ತದ ಗಿಡಗಳ ಬೇರುಗಳು ಅದೇ ಗಟ್ಟಿ ಮಣ್ಣನ್ನು ಹೆಚ್ಚು ಚೆನ್ನಾಗಿ ತೂರಿದವು. ನೀರು ನಿಂತಾಗಲೂ ಈ ಅನಿಲ ಹೊರಹೋಗಲಾರದು, ಜೊತೆಗೆ ಬೇರಿಗೆ ಗಾಳಿಯೂ ಸಿಗದು.

ನೀರು ತುಸು ಕಡಿಮೆಯಾದಾಗ ಆಗುವುದು ಇದಕ್ಕೆ ತಿರುಗುಮುರುಗು. ಹಿಂಗಾರಿ ಜೋಳದ ಎಳೆ ಪೈರು ಮೇಲೆ ಬೆಳೆಯದೆ ನಿಂತರೆ ಬೇರೂ ನಿಂತಿತೆಂದು ಹೆದರುತ್ತೇವೆ. ತೇವ ತುಸು ಕಡಿಮೆಯಾದಾಗ ಅಬ್ಸಿಸಿಕ್ ಆಮ್ಲ ಎಂಬ ಹಾರ್ಮೋನು ಹೆಚ್ಚಿ ಎಥಿಲೀನನ್ನು ಹತ್ತಿಕ್ಕುತ್ತದೆ, ಎಲೆ ನಿಂತರೂ ಬೇರು ಆಳಕ್ಕಿಳಿಯುತ್ತಿರುತ್ತದೆ. ಗೋವಿನಜೋಳದ ಸಸಿಗಳಲ್ಲಿ ಇದನ್ನು ಪರೀಕ್ಷಿಸಿ ಕಂಡಿದ್ದಾರೆ.

ಹಾಗಾಗಿ ತೊಗರಿ ಸಸಿ ಹಳದಿಯಾದಾಗ ಬೇರಿನ ಔಷಧಿ ಕೊಳ್ಳುವ ಮೊದಲು ಒಂದೆರಡು ಸಸಿ ಕಿತ್ತು ನೋಡಿ. ಸಾಲಿನಲ್ಲಿ ನೀರು ನಿಂತಿದ್ದರೆ ಮೊದಲು ಅದು ಹರಿದುಹೋಗಲು ದಾರಿ ಮಾಡಿ. ಮಣ್ಣು ಹಸಿಯಿರುವಾಗ ಟ್ರ್ಯಾಕ್ಟರ್ ಇಳಿಸಬೇಡಿ.