ತೆಳ್ಳಗೆ ಹರಡಬೇಕಿದ್ದ ನೀರು

ರಾಯಚೂರು ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಅದೂ ಬೇಕಾದಾಗ ಬೀಳುವುದಿಲ್ಲ. ನೆರೆಯ ಬಳ್ಳಾರಿ ಭಾಗವನ್ನು 1876–78ರ ಬರಗಾಲ ಹಿಂಡಿದ್ದರಿಂದ, ತುಂಗಭದ್ರೆಗೆ ಅಣೆಕಟ್ಟು ಕಟ್ಟುವ ಹಳೆಯ ಮಾತಿಗೆ ಜೀವ ಬಂತು. ಮದರಾಸು ಮತ್ತು ಹೈದರಾಬಾದ್ ಸರ್ಕಾರಗಳ ನೀರಿನ ಪಾಲಿನ ಚೌಕಾಸಿ ಮುಗಿದು ಕೆಲಸ ಶುರುವಾದದ್ದು 1945ರಲ್ಲಿ; ಕಾಲುವೆಗೆ ನೀರು ಬಿಟ್ಟದ್ದು 1953ರಲ್ಲಿ.

ರಾಯಚೂರಿನ ಕಡೆಗೆ ಹರಿಯುವ ಎಡದಂಡೆ ಕಾಲುವೆಯ ಅಚ್ಚುಕಟ್ಟು ಸುಮಾರು ಆರು ಲಕ್ಷ ಎಕರೆ. ಅಷ್ಟು ಭೂಮಿಗೆ ಭತ್ತ ಬೆಳೆಯುವಷ್ಟು ನೀರು ಕೊಡುವ ಯೋಚನೆ ಮೊದಲಿನಿಂದಲೂ ಇರಲಿಲ್ಲ. ಜೋಳ, ಹತ್ತಿ, ಶೇಂಗಾದಂಥ ಬೆಳೆ ಒಣಗದಂತೆ ಎಲ್ಲರಿಗೂ ಒಂದಿಷ್ಟು ನೀರು ಎಂಬುದೇ ಲೆಕ್ಕ. ಯಾವ ಹೊಲದಲ್ಲಿ ಏನು ಬೆಳೆಯಬೇಕೆಂದು ಸರ್ಕಾರವೇ ಗೊತ್ತುಮಾಡಿತು, ತೂಬುಗಳ ಅಳತೆಯನ್ನೂ ಅದಕ್ಕೆ ತಕ್ಕಂತೆ ಇಟ್ಟಿತು.

ಕರಾವಳಿ ಆಂಧ್ರದಿಂದ ಬಂದು ‘ಕ್ಯಾಂಪ್’ ಎಂಬ ಹೊಸ ಊರುಗಳಲ್ಲಿ ನೆಲೆಸಿದವರಿಗೆ ಭತ್ತದ ಒಳಹೊರಗೆಲ್ಲ ಗೊತ್ತಿತ್ತು. ಕಾಲುವೆ ಪಕ್ಕದಲ್ಲೇ ಹರಿಯುವಾಗ ಜೋಳಕ್ಕೆ ಯಾರು ಕೂರುತ್ತಾರೆ? ಸ್ಥಳೀಯರೂ ಗದ್ದೆ ಮಾಡಿದರು. ಒಂದು ಎಕರೆ ಭತ್ತ ಕುಡಿಯುವ ನೀರಿನಲ್ಲಿ ಎರಡು ಎಕರೆಗೂ ಹೆಚ್ಚು ಜೋಳ ಬೆಳೆಯಬಹುದು. ಕಾಲುವೆಯ ತಲೆಭಾಗದ ಗಂಗಾವತಿ ಭತ್ತದ ಕಣಜವಾಯಿತು, ಮಾನ್ವಿ, ರಾಯಚೂರಿನ ಕೊನೆಭಾಗದ ರೈತರು ನೀರಿಗಾಗಿ ರಸ್ತೆಗಿಳಿಯಬೇಕಾಯಿತು. ಕಾಗದದಲ್ಲಿ ಈ ಭತ್ತದ ಬಹುಪಾಲು ನಿಯಮ ಮೀರಿದ್ದು. ಆದರೆ ಆ ಭತ್ತದಿಂದಲೇ ನಡೆಯುವ ರೈಸ್‌ಮಿಲ್ಲುಗಳನ್ನು ಯಾವ ಸರ್ಕಾರ ತಾನೇ ಎದುರುಹಾಕಿಕೊಂಡೀತು!

ಇತ್ತ ನೆಲದ ಕೆಳಗೆ ಬೇರೆಯದೇ ನಡೆಯುತ್ತಿತ್ತು. ಎರೆ ಮಣ್ಣು ನೀರು ಕುಡಿದರೆ ಉಬ್ಬಿ ಬಿಗಿಯುತ್ತದೆ, ಹೆಚ್ಚಾದ ನೀರನ್ನು ಕೆಳಗೆ ಬಿಟ್ಟುಕೊಡುವುದಿಲ್ಲ. ಗದ್ದೆಯಲ್ಲಿ ತಿಂಗಳುಗಟ್ಟಲೆ ನಿಂತ ನೀರು ಅಂತರ್ಜಲವನ್ನು ಮೇಲೆತ್ತುತ್ತದೆ. ಮಣ್ಣಿನಲ್ಲಿದ್ದ ಲವಣಗಳೂ ಕರಗಿ ಅದರ ಜೊತೆ ಬರುತ್ತವೆ. ಅಂತರ್ಜಲ ಒಂದೆರಡು ಮೀಟರ್ ಆಳಕ್ಕೆ ಬಂತೆಂದರೆ, ಹಣತೆಯ ಬತ್ತಿ ಎಣ್ಣೆ ಎಳೆದುಕೊಂಡಂತೆ ಮಣ್ಣಿನ ಸೂಕ್ಷ್ಮ ರಂಧ್ರಗಳು ಅದನ್ನು ಮೇಲಕ್ಕೆಳೆಯುತ್ತವೆ. ಬಿಸಿಲಿಗೆ ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ಜನ ಇದನ್ನು ಸವಳು ಎನ್ನುತ್ತಾರೆ. ಇಂಥ ನೆಲದಲ್ಲಿ ನೀರಿದ್ದರೂ ಬೇರು ಅದನ್ನು ಹೀರಲಾರದು. ಜೋಳ, ಕಡಲೆ ಸೋತ ಕಡೆಯೂ ನಿಂತ ನೀರಿನಲ್ಲಿ ಭತ್ತ ಹೇಗೋ ಬದುಕುತ್ತದೆ. ಹಾಗಾಗಿ ಹೊಲ ಕೆಟ್ಟಷ್ಟೂ ರೈತ ಭತ್ತಕ್ಕೇ ಅಂಟಿಕೊಳ್ಳುತ್ತಾನೆ.

ಪರಿಹಾರ ಗೊತ್ತಿಲ್ಲದ್ದೇನಲ್ಲ. ಬಸಿಗಾಲುವೆ ತೋಡಬೇಕು, ಇಲ್ಲವೇ ನೆಲದೊಳಗೆ ರಂಧ್ರವಿರುವ ಪೈಪ್ ಹೂಳಿ ಉಪ್ಪುನೀರನ್ನು ಹೊರಗೆ ಹರಿಸಬೇಕು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಇದನ್ನು ಹೊಲದಲ್ಲೇ ಮಾಡಿ ತೋರಿಸಿದೆ. ಆದರೆ ಖರ್ಚು ಒಬ್ಬ ರೈತನ ಕೈಗೆ ಎಟುಕುವಂಥದ್ದಲ್ಲ. ಮೇಲಾಗಿ, ಬಸಿದ ನೀರು ಹೋಗಿ ಸೇರುವ ಹಳ್ಳಕ್ಕೇ ಕೆಳಗಿನ ಊರಿನವರು ಪಂಪ್ ಇಟ್ಟಿರುತ್ತಾರೆ.